ಬೀಗದೊಳಗಿನ ಮಾತ್ರೆ, ಬೀಗವಿಲ್ಲದ ಮಾತ್ರೆ

ಮಗನ ಚೀಟಿ ಕೊಟ್ಟರೆ ಮೆಡಿಕಲ್ ಶಾಪಿನವರು ಚೀಟಿಗಿಂತ ಹೆಚ್ಚು ಹೊತ್ತು ನನ್ನ ಮುಖ ನೋಡುತ್ತಾರೆ. ‘ಪೇಷಂಟ್ ಯಾರು ಸಾರ್?’ ‘ಮಗ.’ ‘ವಯಸ್ಸು?’ ‘ಎಂಟು.’ ಒಂದು ಕ್ಷಣ ಸುಮ್ಮನಿದ್ದು, ‘ಇದು ನಮ್ಮಲ್ಲಿ ಬರಲ್ಲ, ಬೆಂಗಳೂರಲ್ಲಿ ಟ್ರೈ ಮಾಡಿ’ ಅನ್ನುತ್ತಾರೆ. ಹಾಸನದ ಬಿ.ಎಂ. ರಸ್ತೆಯುದ್ದಕ್ಕೂ ಬೇರೆ ಬೇರೆ ಕೌಂಟರುಗಳಲ್ಲಿ ಇದೇ ಮಾತುಕತೆ ನಡೆದಿದೆ. ಅದಕ್ಕೂ ಕೆಲವು ತಿಂಗಳು ಮುಂಚೆ, ಬೇರೊಬ್ಬ ಡಾಕ್ಟರು ಅದೇ ಹುಡುಗನಿಗೆ ಬರೆದ ಬೇರೊಂದು ಮಾತ್ರೆಯನ್ನು ಇವೇ ಅಂಗಡಿಗಳಲ್ಲಿ ಒಂದರಲ್ಲಿ ಕೇಳಿದಾಗ ಯಾರೂ ತಲೆ ಎತ್ತಿರಲಿಲ್ಲ. ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ, ಚಿಲ್ಲರೆ ಇದೆಯಾ ಎಂದಿದ್ದರು.

ಬೀಗದೊಳಗಿರುವುದು ಮಿಥೈಲ್‌ಫೆನಿಡೇಟ್. ಎಡಿಎಚ್‌ಡಿ (ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಚಂಚಲತೆಯ ತೊಂದರೆ) ಇರುವ ಮಕ್ಕಳಿಗೆ ಔಷಧಿ ಬೇಕೇಬೇಕು ಎಂದಾಗ ಸಾಮಾನ್ಯವಾಗಿ ಮೊದಲು ಬರೆಯುವಂಥದ್ದು. ನಮ್ಮಲ್ಲಿ ಇದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ, 1945ರ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಹಾಗಾಗಿ ಮಾರುವವರಿಗೆ ಬೇರೆಯದೇ ಲೈಸೆನ್ಸ್ ಬೇಕು, ಡಾಕ್ಟರು ಚೀಟಿಯನ್ನು ಎರಡು ಪ್ರತಿ ಬರೆಯಬೇಕು, ಅದರಲ್ಲೊಂದನ್ನು ಅಂಗಡಿಯವರು ಎರಡು ವರ್ಷ ಜೋಪಾನ ಮಾಡಬೇಕು, ಮಾಲು ಬೀಗ ಹಾಕಿದ ಕಪಾಟಿನಲ್ಲೇ ಇರಬೇಕು. ಎಲ್ಲೋ ತಿಂಗಳಿಗೊಬ್ಬ ಗಿರಾಕಿ ಕೇಳುವ ಮಾತ್ರೆಗೆ ಇಷ್ಟೆಲ್ಲ ತಾಪತ್ರಯ ಯಾರಿಗೆ ಬೇಕು? ಅಂಗಡಿಯವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಬೀಗವಿಲ್ಲದ್ದು ರಿಸ್ಪೆರಿಡೋನ್. ಅದು ಶೆಡ್ಯೂಲ್ ಎಚ್. ಚೀಟಿ ತೋರಿಸಿದರೆ ಸಾಕು, ಎಷ್ಟೋ ಕಡೆ ಹಳೇ ಸ್ಟ್ರಿಪ್ಪಿನ ತುಂಡು ತೋರಿಸಿದರೂ ಸಾಕು.

ಈಗ ಇವೆರಡನ್ನೂ ಮಗುವಿನ ಮೈಯ ಕಡೆಯಿಂದ ನೋಡಿ. ಮಿಥೈಲ್‌ಫೆನಿಡೇಟಿನ ಸಾದಾ ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡಿ ಇಳಿದುಹೋಗುತ್ತದೆ. ಹಸಿವು ಕಟ್ಟುತ್ತದೆ, ನಿದ್ದೆ ತಡವಾಗುತ್ತದೆ, ನಾಡಿ ಮತ್ತು ಬಿಪಿ ಸ್ವಲ್ಪ ಏರುತ್ತವೆ. ರಿಸ್ಪೆರಿಡೋನಿನ ಪಟ್ಟಿ ಬೇರೆ ತರಹದ್ದು: ತೂಕ ಏರುವುದು, ಮಂಪರು, ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಾಗಿ ಗಂಡುಹುಡುಗರಿಗೂ ಎದೆ ಬೆಳೆಯುವುದು, ರಕ್ತದಲ್ಲಿ ಸಕ್ಕರೆ, ಕೊಬ್ಬು ಏರುವುದು, ಕೆಲವರಿಗೆ ಕೈಕಾಲು ಬಾಯಿಯ ಅಂಕೆತಪ್ಪಿದ ಚಲನೆ. ಎಂಟು ವರ್ಷದ ಮೈಗೆ ಹೆಚ್ಚು ಕಾವಲು ಬೇಕಾದದ್ದು ಯಾವುದಕ್ಕೆ? ಬೀಗ ಇರುವುದು ಇನ್ನೊಂದಕ್ಕೆ. ಆ ಬೀಗ ನನ್ನ ಮಗನಿಗಾಗಿ ಹಾಕಿದ್ದಲ್ಲವೇ ಅಲ್ಲ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಡಲು ನುಂಗುವವರು, ಕದ್ದು ಮಾರುವವರು, ಅವರನ್ನು ತಡೆಯಲು ಹಾಕಿದ್ದು. ಆ ಕೆಲಸಕ್ಕೆ ಅದು ಸರಿಯಾಗಿಯೇ ಇರಬಹುದು. ಆದರೆ ಕೌಂಟರಿನ ಈಚೆ ನಿಂತ ಅಪ್ಪನಿಗೆ ಅದು ‘ಇದೇ ಹೆಚ್ಚು ಅಪಾಯದ್ದು’ ಎಂದು ಹೇಳಿಬಿಡುತ್ತದೆ.

ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಹಾಗೇ ಕಾಣತೊಡಗಿತು. ಮಕ್ಕಳ ಮನೋರೋಗದ ಔಷಧಿಗಳ ಬಗ್ಗೆ ಮಾಹಿತಿಗೇನೂ ಬರವಿಲ್ಲ. ಅದರಲ್ಲಿ ಬಹುಪಾಲು ಬೇರೆ ಯಾರೋ ಕೇಳಿದ ಪ್ರಶ್ನೆಗೆ ಬರೆದ ಉತ್ತರ, ಅಷ್ಟೇ. ಪೊಲೀಸರ ಪ್ರಶ್ನೆ, ಕಂಪನಿಯ ಪ್ರಶ್ನೆ, ಸ್ಕೂಲಿನ ಪ್ರಶ್ನೆ.

ರಾತ್ರಿ ಹನ್ನೊಂದರ ಓದು

ರಿಸ್ಪೆರಿಡೋನ್ ಮನೆಗೆ ಬಂದದ್ದು ಹೀಗೆ. ಮಗ ಸ್ಕೂಲಿನಲ್ಲಿ ಒಬ್ಬ ಹುಡುಗನ ಹಣೆಗೆ ಪೆನ್ಸಿಲ್ ಡಬ್ಬಿಯಲ್ಲಿ ಹೊಡೆದಿದ್ದ. ಹೆಡ್‌ಮಿಸ್ ನಮ್ಮಿಬ್ಬರನ್ನೂ ಕರೆಸಿ ‘ಎಲ್ಲಾದರೂ ತೋರಿಸಿ, ಆಮೇಲೆ ಕಳಿಸಿ’ ಎಂದರು. ತೋರಿಸಿದೆವು. ಹೊರಗೆ ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದ ಕ್ಲಿನಿಕ್ಕು. ಮಗ ಡಾಕ್ಟರ ಮೇಜಿನ ಪೇಪರ್‌ವೇಟ್ ಬುಗುರಿಯಂತೆ ತಿರುಗಿಸುತ್ತಿದ್ದ, ಅವರು ಅದನ್ನೇ ನೋಡುತ್ತ ‘ಹೈಪರ್ ಇದಾನೆ’ ಅಂದರು. ರಾತ್ರಿ ಅರ್ಧ ಮಿಲಿಗ್ರಾಂ, ತಿಂಗಳು ಬಿಟ್ಟು ಬನ್ನಿ. ಹೊರಗಿದ್ದ ಜನ ನೋಡಿದರೆ ಅವರನ್ನೂ ದೂರುವ ಹಾಗಿರಲಿಲ್ಲ.

ಮಗ ಮಲಗಿದ ಮೇಲೆ ಸ್ಟ್ರಿಪ್ಪಿನ ಹಿಂದಿನ ಹೆಸರನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ನೋಡಿ ಹೊಡೆದೆ. ಮೊದಲ ಸಾಲಿನಲ್ಲೇ ಸ್ಕಿಜೋಫ್ರೇನಿಯಾ. ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿ, ‘ರೀ, ಅವನಿಗೆ ಅದಾ?’ ಅಂದಳು. ಅಲ್ಲ ಎಂದು ಹೇಳಲು ನನಗೆ ಗೊತ್ತಿದ್ದರೆ ತಾನೆ. ಆಚೆ ಕೋಣೆಯಲ್ಲಿ ಅಮ್ಮ ಸೀರಿಯಲ್ ಮುಗಿಸಿ ಟಿವಿ ಆರಿಸುತ್ತಿದ್ದರು, ಇಬ್ಬರೂ ದನಿ ತಗ್ಗಿಸಿದೆವು.

ಸಹಕಾರ ಸಂಘಗಳ ಲೆಕ್ಕ ತಪಾಸಣೆ ನನ್ನ ಕಸುಬು. ವೋಚರ್ ಕಂಡರೆ ಮೊತ್ತಕ್ಕಿಂತ ಮೊದಲು ಬರೆದವರು ಯಾರು, ಯಾರ ಖಾತೆಗೆ ಬರೆದರು ಎಂದು ನೋಡುವ ಚಟ ಇದೆ. ಆ ಚಟವೇ ಮುಂದಿನ ರಾತ್ರಿಗಳ ಓದಿಗೆ ದಾರಿಯಾಯಿತು. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2006ರಲ್ಲಿ ರಿಸ್ಪೆರಿಡೋನನ್ನು ಆಟಿಸಂ ಇರುವ 5ರಿಂದ 16 ವರ್ಷದ ಮಕ್ಕಳ ಕಿರಿಕಿರಿ, ಆಕ್ರಮಣದ ವರ್ತನೆಗೆ ಒಪ್ಪಿಕೊಂಡಿತು. ಅದರ ಹಿಂದಿನ ಒಂದು ಮುಖ್ಯ ಪರೀಕ್ಷೆ 2002ರಲ್ಲಿ ಪ್ರಕಟವಾಗಿತ್ತು: 101 ಮಕ್ಕಳು, 8 ವಾರ. ಔಷಧಿ ಪಡೆದವರಲ್ಲಿ ಶೇ. 69 ಮಂದಿಗೆ ಗುಣ ಕಂಡಿತು, ಹುಸಿಮಾತ್ರೆ ಪಡೆದವರಲ್ಲಿ ಶೇ. 12. ಇಷ್ಟು ದೊಡ್ಡ ಅಂತರ ಈ ಕ್ಷೇತ್ರದಲ್ಲಿ ಅಪರೂಪ. ಅದೇ 8 ವಾರದಲ್ಲಿ ತೂಕ ಸರಾಸರಿ 2.7 ಕಿಲೋ ಏರಿತು, ಹುಸಿಮಾತ್ರೆಯವರದ್ದು 0.8 ಕಿಲೋ.

ಆದರೆ ಆ 101 ಮಕ್ಕಳು ಯಾರು? ಆಟಿಸಂ ಜೊತೆಗೆ ತೀವ್ರ ರಂಪ, ಪರರ ಮೇಲೆ ಏರಿಹೋಗುವುದು, ತಮ್ಮನ್ನೇ ಗಾಯ ಮಾಡಿಕೊಳ್ಳುವುದು ಇದ್ದವರು. ಅಂಥ ಮನೆಯೊಂದು ನನಗೆ ಗೊತ್ತು. ಸಹೋದ್ಯೋಗಿಯೊಬ್ಬರ ಮಗಳು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು, ಗೋಡೆಗೆ ಹಾಸಿಗೆ ಕಟ್ಟಿದ್ದರು. ಈ ಔಷಧಿ ಶುರುವಾದ ಮೇಲೆ ಮೊದಲ ಸಲ ಇಡೀ ಸಂಸಾರ ಒಂದು ಮದುವೆಗೆ ಹೋಗಿ ಊಟ ಮುಗಿಸಿಕೊಂಡು ಬಂತು. ಅವರಿಗೆ ಆ ಕಿಲೋಗಳ ಲೆಕ್ಕ ಹೇಳಲು ಹೋದರೆ ನನ್ನನ್ನು ಆಚೆ ಕಳಿಸಿಯಾರು. ನನ್ನ ಮಗನಿಗೆ ಆಟಿಸಂ ಇಲ್ಲ, ಅವನು ತನ್ನನ್ನು ಹೊಡೆದುಕೊಂಡವನೂ ಅಲ್ಲ. ಅವನಂಥವರಿಗೂ ಕೆಲವೊಮ್ಮೆ ಇದನ್ನು ಬರೆಯುವುದುಂಟು, ಬೇರೆ ದಾರಿಗಳೆಲ್ಲ ಮುಗಿದ ಮೇಲೆ. ನಮಗೆ ಮೊದಲನೆಯ ದಾರಿಯನ್ನೇ ಯಾರೂ ತೋರಿಸಿರಲಿಲ್ಲ. ಓದುತ್ತ ಹೋದಂತೆ ಇನ್ನೊಂದು ಸಂಗತಿಯೂ ಸಿಕ್ಕಿತು: ಈ ಔಷಧಿಯನ್ನು ಒಪ್ಪಿಗೆ ಇಲ್ಲದ ಬಳಕೆಗಳಿಗೆ, ಮಕ್ಕಳಿಗೂ ಸೇರಿ, ಪ್ರಚಾರ ಮಾಡಿದ್ದೂ ಒಂದಾಗಿದ್ದ ಆರೋಪಗಳ ಇತ್ಯರ್ಥಕ್ಕೆ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2013ರಲ್ಲಿ ಅಮೆರಿಕ ಸರ್ಕಾರಕ್ಕೆ 220 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಒಪ್ಪಿತ್ತು. ವೋಚರ್ ಯಾರ ಖಾತೆಗೆ ಎಂಬ ನನ್ನ ಚಟ ಇಲ್ಲಿ ಸುಮ್ಮನೆ ಅಲ್ಲ.

ಆ ಸ್ಟ್ರಿಪ್ ಒಡೆಯದೆ ಫ್ರಿಜ್ ಮೇಲೆ ಉಳಿಯಿತು. ಶುರುವೇ ಮಾಡದ್ದರಿಂದ ನಿಲ್ಲಿಸುವ ಗೋಜು ಇರಲಿಲ್ಲ. ಈಗಾಗಲೇ ಕೊಡುತ್ತಿರುವವರು ಇದನ್ನೋದಿ ತಾವಾಗಿ ನಿಲ್ಲಿಸಬೇಡಿ, ಇದು ಥಟ್ಟನೆ ಬಿಡುವ ಔಷಧಿಯಲ್ಲ.

ಒಂದೇ ರಾಶಿ, ಎರಡು ತೀರ್ಪು

ಮಿಥೈಲ್‌ಫೆನಿಡೇಟಿನ ಕತೆ ಇನ್ನೂ ಸ್ವಾರಸ್ಯ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಝೋನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ತಯಾರಿಸಿದ. ಹೆಂಡತಿ ಮಾರ್ಗರೀಟಾ ಟೆನಿಸ್ ಆಡುವ ಮುಂಚೆ ತೆಗೆದುಕೊಂಡು ನೋಡುತ್ತಿದ್ದಳಂತೆ, ಅವಳ ಮುದ್ದಿನ ಹೆಸರು ರೀಟಾ ಎಂದು ಔಷಧಿಗೆ ರಿಟಾಲಿನ್ ಎಂದಿಟ್ಟ. (ಮನೆಯವಳ ಹೆಸರಿನಲ್ಲಿ ಬಸ್ಸು, ಬಾರು, ಲೇಔಟು ಮಾಡಿದವರನ್ನು ನೋಡಿದ್ದೇನೆ. ಮಾತ್ರೆ ಇದೇ ಮೊದಲು.)

2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ 133 ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ದೊಡ್ಡ ವಿಶ್ಲೇಷಣೆ ಬಂತು. ಅಲ್ಪಾವಧಿಯ ಮಟ್ಟಿಗೆ ಮಕ್ಕಳಿಗೆ ಮೊದಲ ಆಯ್ಕೆ ಮಿಥೈಲ್‌ಫೆನಿಡೇಟ್ ಎಂದು ಅದರ ತೀರ್ಪು. ಕಾಕ್ರೇನ್ ಎಂಬ ಸಂಸ್ಥೆ 2015ರಲ್ಲಿ 185 ಪ್ರಯೋಗಗಳನ್ನೂ, 2023ರಲ್ಲಿ 212 ಪ್ರಯೋಗಗಳನ್ನೂ ಕೂಡಿಸಿ ನೋಡಿತ್ತು. ಲಕ್ಷಣಗಳು ಕಮ್ಮಿಯಾಗಬಹುದು, ಆದರೆ ಪುರಾವೆ ತೀರಾ ದುರ್ಬಲ ಎಂದು ಅವರ ತೀರ್ಪು. ವಿಶ್ವ ಆರೋಗ್ಯ ಸಂಸ್ಥೆ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಇದನ್ನು ಸೇರಿಸಬೇಕೆಂಬ ಅರ್ಜಿಯನ್ನು 2019ರಲ್ಲೂ 2021ರಲ್ಲೂ ತಳ್ಳಿಹಾಕಿತು. ಬ್ರಿಟನ್ನಿನ ವೈದ್ಯರಿಗೆ ಚಿಕಿತ್ಸೆಯ ದಾರಿ ಹೇಳುವ ನೈಸ್ ಎಂಬ ಸಂಸ್ಥೆಯ ಮಾರ್ಗಸೂಚಿಯಲ್ಲಿ ಐದು ದಾಟಿದ ಮಕ್ಕಳಿಗೆ ಔಷಧಿ ಎಂದರೆ ಮೊದಲು ಇದೇ. ಹೆಚ್ಚೂಕಡಿಮೆ ಅವವೇ ಲೆಕ್ಕದ ಪುಸ್ತಕಗಳು, ಬೇರೆ ಬೇರೆ ಆಡಿಟ್ ರಿಪೋರ್ಟು.

ಜಗಳ ಅರ್ಥವಾಗಲು ನನಗೆ ಸಮಯ ಹಿಡಿಯಿತು. ಈ ಪ್ರಯೋಗಗಳಲ್ಲಿ ರಕ್ತ ಪರೀಕ್ಷೆಯಂಥದ್ದು ಇಲ್ಲ. ಟೀಚರು, ಅಪ್ಪ ಅಮ್ಮ ಒಂದು ಫಾರಂ ತುಂಬುತ್ತಾರೆ: ಸೀಟಿನಲ್ಲಿ ಕೂರುತ್ತಾನೆಯೇ, ಯಾವಾಗಲೂ, ಕೆಲವೊಮ್ಮೆ, ಇಲ್ಲ. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹುಸಿ ಎಂಬುದು ತುಂಬುವವರಿಗೆ ಗೊತ್ತಿರಬಾರದು. ಆದರೆ ಮಗು ಊಟ ಬಿಟ್ಟರೆ, ರಾತ್ರಿ ಹೊರಳಾಡಿದರೆ, ಮನೆಯವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದ ಮೇಲೆ ತುಂಬಿದ ಅಂಕ ಎಷ್ಟು ನಂಬಬೇಕು? ಕಾಕ್ರೇನಿನವರ ಮುಖ್ಯ ತಕರಾರುಗಳಲ್ಲಿ ಇದೂ ಒಂದು. ನನಗೆ ಆ ತಕರಾರು ನ್ಯಾಯವಾದದ್ದು ಅನ್ನಿಸಿತು. ಹಾಗೆಂದು ಔಷಧಿ ಕೆಲಸ ಮಾಡುವುದಿಲ್ಲ ಎಂದು ಅದು ಹೇಳುತ್ತಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು.

ನೋಡುವವರ ಕಣ್ಣಿನ ಬಗ್ಗೆಯೇ ಒಂದು ಚಿಕ್ಕ, ಚೂಪಾದ ಅಧ್ಯಯನ 1994ರದ್ದು, ಹೂವರ್ ಮತ್ತು ಮಿಲಿಚ್ ಎಂಬಿಬ್ಬರದ್ದು. ‘ಸಕ್ಕರೆ ತಿಂದರೆ ನನ್ನ ಮಗ ಕುಣಿದಾಡುತ್ತಾನೆ’ ಎನ್ನುವ 35 ತಾಯಂದಿರು, ಐದರಿಂದ ಏಳು ವರ್ಷದ ಅವರ ಗಂಡುಮಕ್ಕಳು. ಎಲ್ಲ ಹುಡುಗರಿಗೂ ಕೊಟ್ಟದ್ದು ಸಕ್ಕರೆ ಇಲ್ಲದ ಪಾನೀಯ. ಅರ್ಧದಷ್ಟು ತಾಯಂದಿರಿಗೆ ಮಾತ್ರ ‘ಸಕ್ಕರೆ ಕೊಟ್ಟಿದ್ದೇವೆ’ ಎಂದು ಸುಳ್ಳು ಹೇಳಿದರು. ಆ ತಾಯಂದಿರು ಮಕ್ಕಳ ಚೇಷ್ಟೆಗೆ ಹೆಚ್ಚು ಅಂಕ ಕೊಟ್ಟರು, ಮಕ್ಕಳ ಪಕ್ಕಕ್ಕೇ ಅಂಟಿಕೊಂಡು ನಿಂತರು, ಹೆಚ್ಚು ತಪ್ಪು ಹುಡುಕಿದರು.

ಇದನ್ನು ಓದಿ ನಕ್ಕಿದ್ದೆ. ಆಮೇಲೆ ನಮ್ಮ ಮನೆಯಲ್ಲೇ ಆಯಿತು. ಬೆಂಗಳೂರಿನಿಂದ ಮಿಥೈಲ್‌ಫೆನಿಡೇಟ್ ತಂದಿದ್ದೆ, ಎದುರಿಗಿದ್ದು ನೋಡಲು ಆಗುವಂತೆ ಶನಿವಾರ ಬೆಳಿಗ್ಗೆ ಶುರು ಮಾಡೋಣ ಎಂದಿದ್ದರು ಅಲ್ಲಿನ ಡಾಕ್ಟರು. ಅಮ್ಮನಿಗೆ ಮೊದಲಿನಿಂದಲೂ ಇದು ಒಪ್ಪಿಗೆ ಇರಲಿಲ್ಲ. ‘ನೀನೂ ಹಿಂಗೇ ಇದ್ದೆ, ಎರಡು ಬಿಟ್ಟು ಸರಿಮಾಡ್ಲಿಲ್ವಾ?’ ಎನ್ನುವ ಪಕ್ಷ. ದಿನಾ ಒಂದೆಲಗದ ತಂಬುಳಿ ಮಾಡುತ್ತಿದ್ದರು, ಪುಷ್ಯ ನಕ್ಷತ್ರದ ದಿನ ತಪ್ಪದೆ ಸುವರ್ಣಪ್ರಾಶನಕ್ಕೆ ಕರೆದೊಯ್ಯುತ್ತಿದ್ದರು. ಶುಕ್ರವಾರ ಸಂಜೆ ಫ್ರಿಜ್ ಮೇಲೆ ಹೊಸ ಕವರ್ ನೋಡಿದವರೇ, ಸೋಫಾದಲ್ಲಿ ಬಿದ್ದುಕೊಂಡಿದ್ದ ಮೊಮ್ಮಗನ ಗಲ್ಲ ಹಿಡಿದು, ‘ನೋಡೋ, ಹೆಂಗೆ ಮಂಕಾಗೋಗಿದೆ ಮಗು. ಮುಖದಲ್ಲಿ ಕಳೇನೇ ಇಲ್ಲ. ಹೇಳಿದ್ನೋ ಇಲ್ವೋ’ ಎಂದರು. ಅವನು ಇನ್ನೂ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ಬೆಳಿಗ್ಗೆಯಿಂದ ಶೀತವಾಗಿತ್ತು. ನಾನು ಹೇಳಲು ಹೋಗಲಿಲ್ಲ, ಯಾಕೆಂದರೆ ಮರುದಿನ ಮಾತ್ರೆ ಕೊಟ್ಟ ಮೇಲೆ ಅವನು ಹತ್ತು ನಿಮಿಷ ಬ್ಲಾಕ್ಸ್ ಜೋಡಿಸುತ್ತ ಕೂತಾಗ ನಾನೂ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿ ಹುಬ್ಬೇರಿಸಿದೆವು. ಬ್ಲಾಕ್ಸ್ ಅವನು ಮುಂಚೆಯೂ ಜೋಡಿಸುತ್ತಿದ್ದ.

ಅವನಿಗೆ ಏನಾಗಬೇಕು?

ಆ ಮಾತ್ರೆ ಬರೆಯುವ ಮುಂಚೆ ಬೆಂಗಳೂರಿನ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆಗೆ ನಾನು ಓದಿದ್ದ ಯಾವುದರಲ್ಲೂ ಉತ್ತರ ಇರಲಿಲ್ಲ. ಫೈಲು ಮುಚ್ಚಿ ಪಕ್ಕಕ್ಕಿಟ್ಟು, ‘ಔಷಧಿ ಕೊಟ್ಟರೆ ಏನು ಬದಲಾಗಬೇಕು ಅಂತ ಇದೆ ನಿಮಗೆ? ಎರಡು ಮೂರು ಹೇಳಿ ಸಾಕು’ ಎಂದರು. ಹೆಂಡತಿ ತಡಮಾಡಲಿಲ್ಲ: ‘ಸ್ಕೂಲಿಂದ ಫೋನ್ ಬರಬಾರದು. ಹೇಳಿದ ಮಾತು ಕೇಳಬೇಕು. ಹೊಡಿಬಾರದು.’ ಮೇಡಂ ಬರೆದುಕೊಂಡರು. ‘ಫೋನ್ ಬರೋದು ನಿಮ್ಮ ಕಷ್ಟ. ಹೇಳಿದ್ದು ಕೇಳದೇ ಇರೋದು ಸ್ಕೂಲಿನ ಕಷ್ಟ. ಇವನ ಕಷ್ಟ ಏನು?’ ಬೈದಂತೆ ಹೇಳಲಿಲ್ಲ, ವಿಳಾಸ ಕೇಳುವ ಹಾಗೆ ಕೇಳಿದರು. ಆಮೇಲೆ ನಮ್ಮಿಬ್ಬರನ್ನೂ ಬಿಟ್ಟು ಅವನ ಕಡೆ ತಿರುಗಿದರು.

ಅವನು ಕುರ್ಚಿಯ ಕೈ ಮೇಲೆ ಹತ್ತಿ ಕೂತಿದ್ದ. ಮೊದಲು ‘ಏನಿಲ್ಲ’ ಅಂದ. ಸ್ಕೂಲಲ್ಲಿ ಯಾವುದು ಬೇಜಾರು ಎಂದಾಗ, ‘ಬೋರ್ಡ್ ಒರೆಸಿಬಿಡ್ತಾರೆ.’ ಯಾವಾಗ? ‘ನಾನು ಎರಡ್ನೇ ಲೈನ್ ಬರೀವಾಗ. ಎಲ್ಲರದೂ ಆಗಿರತ್ತೆ.’ ಇನ್ನೇನು? ‘ಕ್ರಿಕೆಟ್‌ಗೆ ಕರ್ಕೊಳಲ್ಲ. ನಾನು ಬ್ಯಾಟ್ ಕಿತ್ಕೋತೀನಿ ಅಂತ.’ ಕಿತ್ಕೋತೀಯಾ? ‘ಹೂಂ. ನನ್ನ ಟರ್ನ್ ಬರೋ ತನಕ ಇರಕ್ಕೆ ಆಗಲ್ಲ.’ ಪೆನ್ಸಿಲ್ ಡಬ್ಬಿಯ ಕತೆ ಆಗ ಹೊರಬಂತು. ಬರೆದುಕೊಳ್ಳಲು ಪಕ್ಕದವನ ನೋಟ್ಸ್ ಎಳೆದಿದ್ದಾನೆ, ಅವನು ಕೈಯಲ್ಲಿ ಮುಚ್ಚಿಕೊಂಡಿದ್ದಾನೆ, ಇವನು ಹೊಡೆದಿದ್ದಾನೆ. ಹೆಡ್‌ಮಿಸ್ ರೂಮಿನಲ್ಲಿ ಇದನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಪಟ್ಟಿ ಮತ್ತೆ ಬರೆಯಲಾಯಿತು. ಬೋರ್ಡ್ ಒರೆಸುವ ಮುಂಚೆ ಅರ್ಧವಾದರೂ ಬರೆದುಕೊಳ್ಳುವುದು. ಆಟದಲ್ಲಿ ಸರದಿ ಬರುವವರೆಗೆ ನಿಲ್ಲುವುದು. ಮೂರನೆಯದು ಹೊಡೆಯದಿರುವುದು, ಅದನ್ನು ಅವನೂ ಒಪ್ಪಿದ. ಮೊದಲನೆಯದಕ್ಕೆ ಮಾತ್ರೆಗೂ ಮುಂಚೆ ಬೇರೆ ಮದ್ದು ಇತ್ತು: ಮುಂದಿನ ಬೆಂಚು, ಬೋರ್ಡಿನ ಫೋಟೋ ಕಳಿಸಲು ಮಿಸ್ ಹತ್ತಿರ ವಿನಂತಿ. ನಮಗೂ ಪಾಠವಿತ್ತು. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಅಡುಗೆಮನೆಯಿಂದ ಕೂಗದೆ ಹತ್ತಿರ ಹೋಗಿ ಹೇಳುವುದು, ಮಾಡಿದಾಗ ತಕ್ಷಣ ಮೆಚ್ಚುವುದು. ಕೇಳಲು ಇದೇನು ಮಹಾ ಅನ್ನಿಸುತ್ತದೆ. ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ, ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ, ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡ ಹುಡುಗನ ಹತ್ತಿರ ಮಾಡಿ ನೋಡಬೇಕು.

ಇದರ ಜೊತೆಗೆ, ಸ್ವಲ್ಪ ತಡವಾಗಿ, ಮಾತ್ರೆ. ಬರೆಯುವ ಮುಂಚೆ ಎತ್ತರ, ತೂಕ, ನಾಡಿ, ಮಕ್ಕಳ ಅಳತೆಯ ಪಟ್ಟಿ ಕಟ್ಟಿ ಬಿಪಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಯಾರಾದರೂ ಹಠಾತ್ತನೆ ಹೋಗಿದ್ದಾರೆಯೇ ಎಂದರು. ನನ್ನ ಚಿಕ್ಕಪ್ಪ ಹಾಗೆ ಹೋದವರು, ಗದ್ದೆಯಲ್ಲೇ. ಅದನ್ನು ಹೇಳಿದ್ದಕ್ಕೆ ಇಸಿಜಿ ಆಯಿತು, ಸರಿಯಿತ್ತು. ಈ ಪ್ರಶ್ನೆಯನ್ನು ಕೇಳದೆ ಈ ಮಾತ್ರೆ ಬರೆದ ಚೀಟಿ ನಿಮ್ಮ ಕೈಯಲ್ಲಿದ್ದರೆ, ನೀವಾಗಿಯೇ ಹೇಳಿ.

ಇಲ್ಲಿ ಇನ್ನೊಂದು ಅಧ್ಯಯನ ನೆನಪಾಗುತ್ತದೆ, ನನ್ನ ಓದಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ಅಮೆರಿಕದ ಎಂಟಿಎ ಅಧ್ಯಯನ, 1999ರಲ್ಲಿ ಮೊದಲ ಫಲಿತಾಂಶ, 579 ಮಕ್ಕಳು, 14 ತಿಂಗಳು. ಒಂದು ಗುಂಪಿಗೆ ಅಧ್ಯಯನದವರೇ ಜಾಗ್ರತೆಯಿಂದ ಕೊಟ್ಟ ಔಷಧಿ, ಒಂದಕ್ಕೆ ವರ್ತನೆಯ ತರಬೇತಿ, ಒಂದಕ್ಕೆ ಎರಡೂ, ಇನ್ನೊಂದು ಗುಂಪು ತಮ್ಮ ತಮ್ಮ ಊರಿನಲ್ಲಿ ಸಿಗುವ ಚಿಕಿತ್ಸೆಗೆ. ಚಂಚಲತೆಯ ಮುಖ್ಯ ಲಕ್ಷಣಗಳ ಮಟ್ಟಿಗೆ ಔಷಧಿಯಿದ್ದ ಎರಡು ಗುಂಪುಗಳು ಗೆದ್ದವು. ಎಲ್ಲ ಕಡೆ ಉಲ್ಲೇಖವಾಗುವುದು ಇಷ್ಟೇ. ನನ್ನ ಕಣ್ಣು ನಿಂತದ್ದು ನಾಲ್ಕನೇ ಗುಂಪಿನ ಮೇಲೆ. ಅವರಲ್ಲೂ ಸುಮಾರು ಮೂರನೇ ಎರಡು ಭಾಗ ಮಕ್ಕಳು ಔಷಧಿ ತೆಗೆದುಕೊಳ್ಳುತ್ತಲೇ ಇದ್ದರು. ಆದರೂ ಹಿಂದೆ ಬಿದ್ದರು. ವ್ಯತ್ಯಾಸ ಏನೆಂದರೆ ಅಧ್ಯಯನದ ಮಕ್ಕಳನ್ನು ಪ್ರತಿ ತಿಂಗಳು ಕರೆಸುತ್ತಿದ್ದರು, ಟೀಚರ ಮಾತು ಕೇಳುತ್ತಿದ್ದರು, ಪ್ರಮಾಣವನ್ನು ತಿದ್ದುತ್ತಿದ್ದರು. ಎರಡೂ ಪಡೆದ ಗುಂಪಿಗೆ ಕಡಿಮೆ ಪ್ರಮಾಣದ ಔಷಧಿಯೇ ಸಾಕಾಯಿತು. ಮೂರು ವರ್ಷದ ಹೊತ್ತಿಗೆ, ಆ ನಿಗಾ ನಿಂತುಹೋದ ಮೇಲೆ, ನಾಲ್ಕೂ ಗುಂಪುಗಳ ನಡುವಿನ ಅಂತರವೇ ಅಳಿಸಿಹೋಗಿತ್ತು. ಯಾವ ಮಾತ್ರೆ ಎಂದು ನಾವು ರಾತ್ರಿಯೆಲ್ಲ ಹುಡುಕುತ್ತೇವೆ. ಕೊಡುವವರು ಮುಂದಿನ ತಿಂಗಳು ಎಷ್ಟು ಹೊತ್ತು ಕೂರಿಸಿಕೊಂಡು ಮಾತಾಡುತ್ತಾರೆ ಎಂದು ಹುಡುಕಲು ಗೂಗಲ್‌ನಲ್ಲಿ ಜಾಗವಿಲ್ಲ.

ಡಬ್ಬಿ ತುಂಬಿ ವಾಪಸ್

ಬೋರ್ಡಿನ ವಿಷಯದಲ್ಲಿ ಮಾತ್ರೆ ಕೆಲಸ ಮಾಡಿತು. ಇದಕ್ಕೆ ನನ್ನ ಹುಬ್ಬನ್ನು ನಂಬಬೇಕಿಲ್ಲ, ನೋಟ್‌ಬುಕ್ ಇದೆ. ಜುಲೈ ತಿಂಗಳ ಪುಟಗಳಲ್ಲಿ ಎರಡು ಸಾಲು, ಒಂದು ಉದ್ದ ಗೀಟು, ಮೂಲೆಯಲ್ಲಿ ಲಾರಿಯ ಚಿತ್ರ. ಸೆಪ್ಟೆಂಬರ್ ಪುಟಗಳಲ್ಲಿ ಬರಹ ಕೆಳಗಿನವರೆಗೆ ಬರುತ್ತದೆ, ಲಾರಿಯೂ ಇದೆ, ಚಿಕ್ಕದಾಗಿ. ಸರದಿ ಕಾಯುವುದು ಅರ್ಧಂಬರ್ಧ. ಆಟ ಸಂಜೆ ಐದಕ್ಕೆ, ಮಾತ್ರೆ ಅಷ್ಟು ಹೊತ್ತಿಗೆ ಇಳಿದಿರುತ್ತದೆ, ಇಳಿಯುವಾಗ ಸಿಡುಕು ಮೊದಲಿಗಿಂತ ಜಾಸ್ತಿ. ಈ ಸಂಜೆಯ ಸಿಡುಕಿನ ಬಗ್ಗೆ ಓದಿದ್ದೆ, ಆದರೆ ಅದು ನಮ್ಮ ಮನೆಯಲ್ಲಿ ಹೋಮ್‌ವರ್ಕ್ ಹೊತ್ತಿಗೇ ಸರಿಯಾಗಿ ಬಂದು ಕೂರುತ್ತದೆ ಎಂದು ಯಾರೂ ಬರೆದಿರಲಿಲ್ಲ. ಮಿಸ್‌ಗೆ ಅವನು ‘ಫುಲ್ ಇಂಪ್ರೂವ್’, ಅಜ್ಜಿಗೆ ‘ಸಂಜೆ ಮೇಲೆ ರಾಕ್ಷಸ’. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಳ್ಳೆಯ ಗಂಟೆಗಳು ಸ್ಕೂಲಿಗೆ, ಇಳಿದ ಗಂಟೆಗಳು ಮನೆಗೆ.

ಊಟದ್ದೇ ದೊಡ್ಡ ಪಾಡು. ಮಧ್ಯಾಹ್ನದ ಡಬ್ಬಿ ಕಟ್ಟಿದ ಹಾಗೇ ವಾಪಸ್. ಚಿತ್ರಾನ್ನದ ಮೇಲಿನ ಕಡಲೆಬೀಜ ಮಾತ್ರ ಆರಿಸಿ ತಿಂದಿರುತ್ತಾನೆ. ಹೆಂಡತಿ ಕೆಲವು ದಿನ ಅತ್ತಳು, ಆಮೇಲೆ ದಿನಚರಿಯನ್ನೇ ಹಿಂದುಮುಂದು ಮಾಡಿದಳು. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಅಕ್ಕಿರೊಟ್ಟಿ, ಮೇಲೆ ಬೆಣ್ಣೆ, ಒಂದು ಮೊಟ್ಟೆ. ಅದನ್ನು ತಿಂದ ಮೇಲೇ ಮಾತ್ರೆ. ಮಧ್ಯಾಹ್ನಕ್ಕೆ ಒತ್ತಾಯ ಇಲ್ಲ, ಬಾಳೆಹಣ್ಣೋ ಕೊಬ್ಬರಿ ಮಿಠಾಯಿಯೋ ಒಂದು ಸಣ್ಣದು. ರಾತ್ರಿ ಏಳಕ್ಕೆ ಒಂದು ಊಟ, ಒಂಬತ್ತಕ್ಕೆ ಹಸಿವು ಅಂದರೆ ಇನ್ನೊಂದು. ಅಮ್ಮನ ಪಾಲಿಗೆ ಇದೇ ರಾಜಿಯ ದಾರಿಯಾಯಿತು. ಮಾತ್ರೆಯನ್ನು ಈಗಲೂ ಒಪ್ಪಿಲ್ಲ, ಒಂಬತ್ತರ ಮುದ್ದೆ ಸಾರು ತಮ್ಮ ಇಲಾಖೆ ಎಂದು ವಹಿಸಿಕೊಂಡಿದ್ದಾರೆ. ಹತ್ತು ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ತೂಕ, ಎಲ್ಲರಿಗೂ ಆರು ತಿಂಗಳಿಗೊಮ್ಮೆ ಎತ್ತರ ನೋಡಿ ಎನ್ನುತ್ತದೆ ನೈಸ್. ನಮ್ಮಲ್ಲಿ ತೂಕ ಸೊಸೈಟಿಯ ಅಕ್ಕಿ ತೂಗುವ ಯಂತ್ರದ ಮೇಲೆ ಇನ್ನೂ ಹೆಚ್ಚು ಸಲವೇ ಆಗುತ್ತದೆ, ನನ್ನ ಆತಂಕಕ್ಕೆ.

ಈ ನಡುವೆ ಓದಿನಲ್ಲಿ ಹಳೆಯ ಹೆಸರೊಂದು ಎದುರಾಯಿತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ಡಾಕ್ಟರು, ವರ್ತನೆಯ ತೊಂದರೆಯಿದ್ದ ಮಕ್ಕಳ ಆಸ್ಪತ್ರೆಯಲ್ಲಿ, 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದ್ದನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ಅದನ್ನು ಕೊಟ್ಟದ್ದು ಬೇರೆ ಕಾರಣಕ್ಕೆ: ಬೆನ್ನುಹುರಿಯ ದ್ರವ ತೆಗೆದು ಮಾಡುವ ಮೆದುಳಿನ ಎಕ್ಸ್‌ರೇ ಆದ ಮೇಲೆ ಮಕ್ಕಳಿಗೆ ಬರುತ್ತಿದ್ದ ತಲೆನೋವು. ತಲೆನೋವು ಅಷ್ಟೇನೂ ಹೋಗಲಿಲ್ಲ, ಓದು ಸುಧಾರಿಸಿತು. 30ರಲ್ಲಿ 14 ಮಕ್ಕಳ ಶಾಲೆಯ ಕೆಲಸದಲ್ಲಿ ಕಣ್ಣಿಗೆ ಹೊಡೆಯುವ ಬದಲಾವಣೆ. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟಿದ್ದರಂತೆ. ನನಗೆ ಹಿಡಿಸಿದ್ದು ಇದು. ಆಮೇಲಿನ ಸಾವಿರಾರು ಪುಟಗಳಲ್ಲಿ ಟೀಚರ ಅಂಕ, ಪೋಷಕರ ಅಂಕ, ವೈದ್ಯರ ಅಂಕ ಹೇರಳ. ಮಾತ್ರೆ ನುಂಗಿದವರು ಅದರಿಂದ ತಮಗೇನಾಯಿತು ಎಂದು ಹೇಳಿದ್ದು ಕಾಣುವುದು ಅಪರೂಪ.

ನಮ್ಮವನನ್ನು ಕೇಳಿದ್ದೆ. ‘ಗಲಾಟೆ ಕಮ್ಮಿ ಆಗತ್ತೆ.’ ನಿಂದಾ? ‘ಅಲ್ಲ, ಕ್ಲಾಸಿಂದು.’

ಈಗ

ಶೆಡ್ಯೂಲ್ ಎಕ್ಸ್ ಔಷಧಿಯನ್ನು ವಿಡಿಯೋ ಕಾಲ್‌ನಲ್ಲಿ ಬರೆಯುವ ಹಾಗಿಲ್ಲ ಎಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ ರಜೆ ಹಾಕಿ ಬೆಂಗಳೂರಿಗೆ ಹೋಗುವುದು ತಪ್ಪಿಲ್ಲ. ಹೋದರೆ ಹೇಗೂ ತೂಕ ನೋಡುತ್ತಾರೆ, ಮಾತಾಡಿಸುತ್ತಾರೆ, ಎಂಟಿಎ ಓದಿದ ಮೇಲೆ ಆ ಬಸ್ಸಿನ ಖರ್ಚಿಗೆ ಗೊಣಗುವುದು ಬಿಟ್ಟಿದ್ದೇನೆ. ಡಾಕ್ಟರ ಹತ್ತಿರ ಹೋಗುವ ಮೊದಲೇ ಯಾರೊಂದಿಗಾದರೂ ಮಾತಾಡಬೇಕು ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಸಿಗುವ ಅಂಗಡಿಗಳಲ್ಲಿ ಚೀಟಿಯ ಒಂದು ಪ್ರತಿ ಇಟ್ಟುಕೊಂಡು, ವಿವರ ಬರೆದುಕೊಂಡು, ಕೆಂಪಕ್ಷರದ ‘ಎಕ್ಸ್‌ಆರ್‌ಎಕ್ಸ್’ ಇರುವ ಡಬ್ಬಿ ಕೊಡುತ್ತಾರೆ. ಮುಖ ನೋಡುವುದು ಅಲ್ಲೂ ಇದ್ದದ್ದೇ, ಈಗ ನಾನೂ ನೋಡುತ್ತೇನೆ.

ವರ್ಷಕ್ಕೊಮ್ಮೆಯಾದರೂ ಈ ಔಷಧಿ ಇನ್ನೂ ಬೇಕೇ ಎಂದು ಪರಿಶೀಲಿಸಬೇಕು, ಬೇಕಾದರೆ ಕೆಲವು ದಿನ ನಿಲ್ಲಿಸಿ ನೋಡಬೇಕು. ಮೇಡಂ ಆ ಮಾತು ಎತ್ತಿದ್ದಾರೆ. ದಸರಾ ರಜೆಯಲ್ಲಿ ನಿಲ್ಲಿಸೋಣ, ಹೊಟ್ಟೆ ತುಂಬ ತಿನ್ನಲಿ ಎನ್ನುತ್ತಾಳೆ ಹೆಂಡತಿ. ರಜೆಯಲ್ಲಿ ಬೋರ್ಡೇ ಇರುವುದಿಲ್ಲವಲ್ಲ, ನಿಲ್ಲಿಸಿದರೆ ಏನು ಗೊತ್ತಾಗುತ್ತದೆ, ಸ್ಕೂಲ್ ನಡೆಯುವಾಗ ಮಿಸ್‌ಗೆ ಹೇಳದೆ ನಿಲ್ಲಿಸಿ ನೋಟ್‌ಬುಕ್ ನೋಡೋಣ ಎಂಬುದು ಆಡಿಟರನ ವಾದ. ಮಿಸ್‌ಗೆ ಹೇಳದೆ ಮಾಡುವುದು ಮೋಸ ಅಂತ ಅವಳು. ಊಟದ ಮೇಜಿನಲ್ಲಿ ಎರಡು ಸಲ ಇದೇ ಜಗಳವಾಗಿ, ಕೊನೆಗೆ ಅವನನ್ನೇ ಕೇಳಿದೆವು. ‘ಸ್ಪೋರ್ಟ್ಸ್ ಡೇ ಆಗ್ಲಿ. ರಿಲೇಲಿ ಇದೀನಿ, ಬ್ಯಾಟನ್ ಬರೋ ತನಕ ನಿಂತ್ಕೋಬೇಕು’ ಅಂದ.

ಸ್ಪೋರ್ಟ್ಸ್ ಡೇ ಡಿಸೆಂಬರಿಗೆ. ಅಲ್ಲಿಯವರೆಗಿನ ಚೀಟಿಗೆ ಬರುವ ವಾರ ಹೋಗಬೇಕು.